ಹೊಳೆ ಪಕ್ಕದಲ್ಲೇ, ಹೊಲ ಒಣಗಿದ್ದೇಕೆ?

ಪ್ರಶ್ನೆ: ತುಂಗಭದ್ರೆ ಹರಪನಹಳ್ಳಿ, ಹಡಗಲಿ ತಾಲ್ಲೂಕುಗಳ ಅಂಚಿನಲ್ಲೇ ಹರಿದರೂ ಇಲ್ಲಿನ ಬಹಳಷ್ಟು ಹೊಲ ಮಳೆಯನ್ನೇ ನಂಬಿರುವುದೇಕೆ?

ಉತ್ತರ: ಮಳೆ ಕಡಿಮೆ ಎಂಬುದು ಅರ್ಧ ಉತ್ತರ. ಗಂಗಾಮೂಲದಲ್ಲಿ ಹುಟ್ಟಿದ ತುಂಗೆ, ಭದ್ರೆ ಕೂಡಲಿಯಲ್ಲಿ ಒಂದಾಗಿ ಬರುವ ಈ ಹೊಳೆಯ ನೀರು ಹೆಚ್ಚಾಗಿ ಮಲೆನಾಡಿನದು. ಕೊಟ್ಟೂರಲ್ಲಿ ಹನಿ ಬೀಳದ ದಿನವೂ ಮೈಲಾರದ ದಡದಲ್ಲಿ ಕೆನ್ನೀರು ಉಕ್ಕೀತು. ತೊಡಕಿರುವುದು ಇಳಿಜಾರಿನಲ್ಲಿ: ಹೊಳೆ ತಗ್ಗಿನಲ್ಲಿ, ಹೊಲ ದಿಬ್ಬದಲ್ಲಿ. ಹೊಸಪೇಟೆ ಅಣೆಕಟ್ಟೆಯ ಕಾಲುವೆ ಇತ್ತ ಬರಬಾರದಿತ್ತೆ ಎನ್ನುವವರುಂಟು. 1953ರಲ್ಲಿ ಮುಗಿದ ಆ ಕಟ್ಟೆ ಈ ಸೀಮೆಗಿಂತ ಕೆಳಗಿದೆ. ಕಾಲುವೆಗಳು ಅಲ್ಲಿಂದ ರಾಯಚೂರು, ಬಳ್ಳಾರಿಯತ್ತ ಇಳಿಯುತ್ತವೆ. ಹಗರಿಬೊಮ್ಮನಹಳ್ಳಿ ಕಡೆಗೆ ಚಾಚಿದ್ದು ಹಿನ್ನೀರು ಮಾತ್ರ! ಹೀಗಾಗಿ ಹೊಳೆ ನೀರು ಬೇಕೆಂದರೆ ಎತ್ತಿಯೇ ಹರಿಸಬೇಕು. ಸಿಂಗಟಾಲೂರು ಏತ ನೀರಾವರಿ ಮಾಡುವುದೂ ಅದನ್ನೇ. ಕರೆಂಟು ಹೋದರೆ ಪಂಪು ನಿಲ್ಲುತ್ತದೆ.