ಅಂಗಾಂಗ ಕಸಿ: ಸಲಹಾ ಸಮಿತಿಯಲ್ಲಿ ನಮಗೂ ಒಂದು ಕುರ್ಚಿ



ಮನೆಯಲ್ಲಿ ಒಬ್ಬರ ಕಿಡ್ನಿ ಕೆಟ್ಟರೆ ‘ನಾನು ಕೊಡ್ತೇನೆ’ ಎಂದು ಮುಂದೆ ಬರುವವರು ಯಾರು? ಹೆಚ್ಚಾಗಿ ತಾಯಿ, ಹೆಂಡತಿ, ಅಕ್ಕ. 2019ರಿಂದ 2023ರವರೆಗೆ ನಮ್ಮ ದೇಶದಲ್ಲಿ ಬದುಕಿರುವಾಗಲೇ ಅಂಗದಾನ ಮಾಡಿದವರಲ್ಲಿ ನೂರಕ್ಕೆ 63ಕ್ಕೂ ಹೆಚ್ಚು ಮಂದಿ ಹೆಂಗಸರು. ಪಡೆದವರಲ್ಲಿ ಗಂಡಸರೇ ಜಾಸ್ತಿ. ಹಾಗಿರುವಾಗ ಈ ವಿಷಯದಲ್ಲಿ ಸರ್ಕಾರಕ್ಕೆ ಬುದ್ಧಿ ಹೇಳುವವರು ಯಾರು ಅಂತ ನಾವು ತಿಳಿದಿರಬೇಕು.

ಒಂದು ಕಾಲದಲ್ಲಿ ಕಿಡ್ನಿ ವ್ಯಾಪಾರ ರಾಜಾರೋಷವಾಗಿ ನಡೆಯುತ್ತಿತ್ತು. 1991ರಲ್ಲಿ ಕೇಂದ್ರ ಸರ್ಕಾರ ಎಲ್.ಎಂ. ಸಿಂಘ್ವಿಯವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿ ಮಾಡಿತು. ಅದರ ವರದಿಯ ಆಧಾರದ ಮೇಲೆ 1994ರಲ್ಲಿ ಮಾನವ ಅಂಗಾಂಗ ಕಸಿ ಕಾಯ್ದೆ ಬಂತು. ಅಂಗ ಮಾರುವುದು, ಕೊಳ್ಳುವುದು ಅಪರಾಧವಾಯಿತು. ಮೆದುಳಿನ ಕಾಂಡ ಶಾಶ್ವತವಾಗಿ ಕೆಲಸ ನಿಲ್ಲಿಸಿದರೆ ಅದು ಮರಣವೇ ಎಂದು ಕಾನೂನು ಒಪ್ಪಿತು.

2011ರ ತಿದ್ದುಪಡಿಯಲ್ಲಿ ಕೇಂದ್ರಕ್ಕೂ ರಾಜ್ಯಗಳಿಗೂ ಎರಡು ವರ್ಷದ ಅವಧಿಯ ಸಲಹಾ ಸಮಿತಿ ಇರಬೇಕು ಎಂದು ಸೇರಿಸಿದರು. (ಒಬ್ಬೊಬ್ಬ ದಾನಿಯನ್ನು ಕರೆದು ವಿಚಾರಿಸಿ ಅನುಮತಿ ಕೊಡುವ ಸಮಿತಿ ಬೇರೆ, ಇದು ಬೇರೆ.) ಇದರಲ್ಲಿ ಹಿರಿಯ ಆಡಳಿತಗಾರರು, ವೈದ್ಯರು, ನ್ಯಾಯಾಧೀಶರಾಗಿದ್ದವರು ಇರುತ್ತಾರೆ. ಜೊತೆಗೆ ಇಬ್ಬರು ಸಮಾಜ ಸೇವಕರು. ಆ ಇಬ್ಬರಲ್ಲಿ ಒಬ್ಬರು ಮಹಿಳಾ ಸಂಘಟನೆಯ ಪ್ರತಿನಿಧಿಯೇ ಆಗಿರಬೇಕು!

ಯಾಕೆ ಬೇಕು ನೋಡಿ. ಡಾಕ್ಟರು ರಕ್ತ ಪರೀಕ್ಷೆ ನೋಡುತ್ತಾರೆ, ವಕೀಲರು ಕಾಗದ ನೋಡುತ್ತಾರೆ. ಅತ್ತೆ, ಗಂಡ ಪಕ್ಕದಲ್ಲೇ ಕೂತಿರುವಾಗ ಸೊಸೆ ಹೇಳುವ ‘ಹೂಂ’ ಎಂಥದ್ದು ಅಂತ ಬಲ್ಲವರು ಯಾರು? 2014ರ ನಿಯಮದ ಪ್ರಕಾರ ದಾನಿ ಹೆಂಗಸಾದರೆ ಅವಳ ಸ್ವಂತ ಒಪ್ಪಿಗೆಯನ್ನು ಅಂಗ ಪಡೆಯುವವರಲ್ಲದೆ ಬೇರೊಬ್ಬರು ಖಚಿತಪಡಿಸಬೇಕು. ಒಳ್ಳೆಯ ನಿಯಮವೇ. ಆದರೆ ಆ ಬೇರೊಬ್ಬರು ಮೈದುನನೇ ಆದರೆ? ಇಂಥ ಪ್ರಶ್ನೆ ಎತ್ತಲಿಕ್ಕೆ ಆ ಕುರ್ಚಿ ಬೇಕು.

ಹೌದು, ಸಲಹೆ ಎಂದರೆ ಸಲಹೆಯೇ, ಆಜ್ಞೆಯಲ್ಲ. 2025ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಅಂಗಾಂಗ ಮತ್ತು ಅಂಗಾಂಶ ಕಸಿ ಸಂಸ್ಥೆಯು, ಅಂಗಕ್ಕಾಗಿ ಕಾದಿರುವ ಮಹಿಳೆಯರಿಗೆ ಆದ್ಯತೆ ಕೊಡಿ ಎಂದು ರಾಜ್ಯಗಳಿಗೆ ಹೇಳಿತು. ಜಾರಿ ಮಾಡುವುದು ರಾಜ್ಯದ ಕೈಯಲ್ಲಿದೆ. ಕೇಳುವವರಿಲ್ಲದಿದ್ದರೆ ಕಡತ ಕಪಾಟಿನಲ್ಲೇ ಉಳಿಯುತ್ತದೆ.

ನಮ್ಮ ರಾಜ್ಯದ ಸಮಿತಿಯಲ್ಲಿ ಮಹಿಳಾ ಪ್ರತಿನಿಧಿ ಯಾರು, ಸಭೆ ಎಷ್ಟು ಸಲ ನಡೆಯಿತು ಎಂದು ಆರೋಗ್ಯ ಇಲಾಖೆಯ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಅರ್ಜಿ ಸಂಘದ ಹೆಸರಲ್ಲಿ ಬೇಡ, ಒಬ್ಬ ಸದಸ್ಯೆಯ ಹೆಸರಲ್ಲಿರಲಿ. 30 ದಿನದೊಳಗೆ ಉತ್ತರ ಕೊಡಬೇಕು.