ಬೆಳಗಾವಿ ಮತ್ತು ಖಾನಾಪುರದ ನೆರೆ ಛಾಯಾಚಿತ್ರಗಳು

ಬೆಳಗಾವಿ ನಗರದ ಶಹಾಪುರ, ವಡಗಾವಿ, ಹಳೆ ಬೆಳಗಾವಿ ಭಾಗಗಳಲ್ಲಿ ಹರಿಯುವ ಬಳ್ಳಾರಿ ನಾಲಾ ಹಾಗೂ ಖಾನಾಪುರ ತಾಲ್ಲೂಕಿನ ಮಲಪ್ರಭಾ ನದಿ ಮಳೆಗಾಲದಲ್ಲಿ ಉಕ್ಕಿದಾಗ ತೆಗೆದ ಛಾಯಾಚಿತ್ರಗಳು ಈ ಪ್ರದೇಶದ ಪ್ರವಾಹ ಇತಿಹಾಸದ ಮುಖ್ಯ ಆಕರಗಳಾಗಿವೆ. ನೀರು ಎಲ್ಲಿಯವರೆಗೆ ಬಂದಿತ್ತು, ನಾಲೆಯ ಸಹಜ ಅಗಲ ಎಷ್ಟಿತ್ತು, ಯಾವ ಹೊಲ ಮತ್ತು ಮನೆ ಮುಳುಗಿತ್ತು ಎಂಬ ಪ್ರಶ್ನೆಗಳಿಗೆ ಇವು ಉತ್ತರ ನೀಡಬಲ್ಲವು. ಆದರೆ ಸ್ಥಳ, ದಿನಾಂಕ ಮತ್ತು ಸ್ಥಿರವಾದ ಒಂದು ಗುರುತು, ಈ ಮೂರೂ ತಿಳಿದಿದ್ದಾಗ ಮಾತ್ರ ಚಿತ್ರವು ದಾಖಲೆಯಾಗುತ್ತದೆ.

ಭೌಗೋಳಿಕ ಹಿನ್ನೆಲೆ

ಬೆಳಗಾವಿ ದೊಡ್ಡ ನದಿಯ ದಡದಲ್ಲಿರುವ ಊರಲ್ಲ. ಖಾನಾಪುರ ತಾಲ್ಲೂಕಿನ ಬೈಲೂರಿನಲ್ಲಿ ಹುಟ್ಟುವ ಮಾರ್ಕಂಡೇಯ ನದಿಯು ನಗರಕ್ಕೆ ಕುಡಿಯುವ ನೀರೊದಗಿಸುವ ರಕ್ಕಸಕೊಪ್ಪ ಜಲಾಶಯವನ್ನು ತುಂಬಿ, ನಗರದ ಹೊರಭಾಗದಲ್ಲಿಯೇ ಹಾದು ಹೋಗುತ್ತದೆ. ನಗರದ ದಕ್ಷಿಣ ಭಾಗದ ಮಳೆನೀರು ಬಳ್ಳಾರಿ ನಾಲೆಗೆ ಸೇರುತ್ತದೆ. ಲೆಂಡಿ ನಾಲೆಯ ನೀರೂ ಇದನ್ನೇ ಕೂಡಿಕೊಳ್ಳುತ್ತದೆ. ಬಳ್ಳಾರಿ ಜಿಲ್ಲೆಗೂ ಈ ನಾಲೆಗೂ ಸಂಬಂಧವಿಲ್ಲ. ಇದು ಮಾರ್ಕಂಡೇಯವನ್ನು, ಮಾರ್ಕಂಡೇಯವು ಗೋಕಾಕದ ಬಳಿ ಘಟಪ್ರಭೆಯನ್ನು, ಘಟಪ್ರಭೆಯು ಮುಂದೆ ಕೃಷ್ಣೆಯನ್ನು ಸೇರುತ್ತವೆ. ಶಹಾಪುರದ ಗಲ್ಲಿಯಲ್ಲಿ ನಿಂತ ನೀರು ಹೀಗೆ ಗೋಕಾಕದ ಪ್ರವಾಹಕ್ಕೂ ತನ್ನ ಪಾಲು ಸಲ್ಲಿಸುತ್ತದೆ.

ಖಾನಾಪುರದ ಸ್ಥಿತಿ ಬೇರೆ. ಇದು ಮಲಪ್ರಭೆಯ ದಡದಲ್ಲಿಯೇ ಇರುವ ಪಟ್ಟಣ. ಇದೇ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಸುಮಾರು 304 ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಪಶ್ಚಿಮ ಘಟ್ಟದ ಅಂಚಿನಲ್ಲಿ ಬಿದ್ದ ಮಳೆಯು ಕೆಲವೇ ಗಂಟೆಗಳಲ್ಲಿ ಖಾನಾಪುರದ ಸೇತುವೆಯ ಬಳಿ ಕಾಣಿಸಿಕೊಳ್ಳುತ್ತದೆ. ಆದುದರಿಂದ ಖಾನಾಪುರದ ಚಿತ್ರಗಳಲ್ಲಿ ಕಾಣುವುದು ಕೆಂಪು ಮಣ್ಣಿನ ರಭಸದ ಹೊಳೆ. ಶಹಾಪುರದ ಚಿತ್ರಗಳಲ್ಲಿ ಕಾಣುವುದು ಹರಿಯಲು ದಾರಿಯಿಲ್ಲದೆ ನಿಂತ ನೀರು. ಎರಡನ್ನೂ 'ಪ್ರವಾಹ' ಎಂಬ ಒಂದೇ ಶೀರ್ಷಿಕೆಯಡಿ ಇರಿಸಿದರೆ ಕಾರಣಗಳು ಮರೆಯಾಗುತ್ತವೆ.

ಹಳೆಯ ಛಾಯಾಚಿತ್ರಗಳು

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪ್ರದೇಶಕ್ಕೆ ಬಂದ ಛಾಯಾಗ್ರಾಹಕರ ಗಮನವಿದ್ದುದು ಸ್ಮಾರಕಗಳ ಮೇಲೆ. ಜೇಮ್ಸ್ ಬರ್ಜೆಸ್ ಅವರು 1874ರಲ್ಲಿ ಪ್ರಕಟಿಸಿದ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳ ಪುರಾತತ್ತ್ವ ವರದಿಯಲ್ಲಿ ಬೆಳಗಾವಿ ಕೋಟೆಯ ಜೈನ ಬಸದಿ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಿಗೆ ಸ್ಥಾನ ದೊರೆಯಿತು. ನೀರಿನ ಚಿತ್ರವೆಂದರೆ ಗೋಕಾಕ ಜಲಪಾತವೇ ಹೊರತು, ಮುಳುಗಿದ ಗಲ್ಲಿಯಲ್ಲ. ಅಂದಿನ ಭಾರವಾದ ಕ್ಯಾಮೆರಾ, ಗಾಜಿನ ಫಲಕ ಮತ್ತು ದೀರ್ಘ ಬೆಳಕೊಡ್ಡುವಿಕೆಗೆ ಮುಂಗಾರಿನ ಮೋಡ ಕವಿದ ಬೆಳಕು ಅನುಕೂಲಕರವಾಗಿರಲಿಲ್ಲ ಎಂಬುದೂ ಇದಕ್ಕೊಂದು ಕಾರಣ.

ಆಡಳಿತದ ಇತಿಹಾಸವೂ ಶೋಧವನ್ನು ಜಟಿಲಗೊಳಿಸುತ್ತದೆ. ನೇಕಾರಿಕೆ ಮತ್ತು ಚಿನ್ನಬೆಳ್ಳಿಯ ವ್ಯಾಪಾರಕ್ಕೆ ಹೆಸರಾದ ಶಹಾಪುರವು ಬ್ರಿಟಿಷ್ ಬೆಳಗಾವಿಗೆ ಅಂಟಿಕೊಂಡಿದ್ದರೂ ಪಟವರ್ಧನ ಮನೆತನದ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. 1948ರ ಮಾರ್ಚ್‌ನಲ್ಲಿ ಆ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಒಂದೇ ಊರಿನ ಚಿತ್ರಗಳನ್ನು ಸಾಂಗಲಿ, ಮುಂಬಯಿ ಮತ್ತು ಬೆಂಗಳೂರಿನ ಕಡತಗಳಲ್ಲಿ, ಮರಾಠಿ, ಇಂಗ್ಲಿಷ್ ಮತ್ತು ಕನ್ನಡ ಶೀರ್ಷಿಕೆಗಳಡಿ ಹುಡುಕಬೇಕಾಗುವುದು ಇದರಿಂದಲೇ. ಶಹಾಪುರದ ಹಳೆಯ ಮನೆಗಳ ಗೋಡೆಗಳಲ್ಲಿರುವ ಚಿತ್ರಗಳು ಸಾರ್ವಜನಿಕ ಸಂಗ್ರಹಗಳಿಗಿಂತ ಹೆಚ್ಚಿನದನ್ನು ಹೇಳಬಹುದು.

ಸ್ಥಳನಾಮಗಳ ಗೊಂದಲ

'ಶಹಾಪುರದಲ್ಲಿ ಪ್ರವಾಹ, 2019' ಎಂಬ ಶೀರ್ಷಿಕೆ ನೋಡಲು ಪೂರ್ಣವಾಗಿದೆ. ವಾಸ್ತವದಲ್ಲಿ ಅದು ಅಪೂರ್ಣ. ಯಾದಗಿರಿ ಜಿಲ್ಲೆಯಲ್ಲಿಯೂ ಶಹಾಪುರವೆಂಬ ತಾಲ್ಲೂಕು ಕೇಂದ್ರವಿದೆ. ಅದೇ ವರ್ಷ ಆ ತಾಲ್ಲೂಕಿನ ಕೊಳ್ಳೂರು ಬಳಿ ಕೃಷ್ಣಾ ನದಿಯ ಸೇತುವೆ ಮುಳುಗಿತ್ತು. ಮಹಾರಾಷ್ಟ್ರದ ಠಾಣೆ ಜಿಲ್ಲೆಯಲ್ಲಿ ಮತ್ತೊಂದು ಶಹಾಪುರವಿದೆ. ನಗರದೊಳಗೂ ಇದೇ ತೊಡಕು: ಖಡೇಬಜಾರ್ ಎಂಬ ಹೆಸರಿನ ಬೀದಿ ಬೆಳಗಾವಿಯ ಹಳೆಯ ಪೇಟೆಯಲ್ಲಿಯೂ ಇದೆ, ಶಹಾಪುರದಲ್ಲಿಯೂ ಇದೆ. ವಿಶಾಲವಾದ ನದಿ ಮತ್ತು ಉದ್ದನೆಯ ಸೇತುವೆ ಕಾಣುವ ಚಿತ್ರವು ಬೆಳಗಾವಿಯ ಶಹಾಪುರದ್ದಾಗಿರಲು ಸಾಧ್ಯವಿಲ್ಲ, ಏಕೆಂದರೆ ಅಲ್ಲಿ ಅಂತಹ ನದಿಯೇ ಇಲ್ಲ.

ಹೊಲಗಳ ಚಿತ್ರಗಳನ್ನು ಓದುವಾಗ ಇನ್ನೊಂದು ಎಚ್ಚರ ಬೇಕು. ಶಹಾಪುರ, ವಡಗಾವಿ, ಅನಗೋಳ, ಮಜಗಾವಿ, ಹಲಗಾ ಶಿವಾರಗಳು 'ಬೆಳಗಾವಿ ಬಾಸುಮತಿ'ಗೆ ಪ್ರಸಿದ್ಧವಾದ ಭತ್ತದ ಭೂಮಿಗಳು. ಗದ್ದೆಯಲ್ಲಿ ನಿಂತ ನೀರೆಲ್ಲ ಪ್ರವಾಹವಲ್ಲ. ಬದು ಕಾಣುತ್ತಿದೆಯೇ, ಪೈರಿನ ತುದಿ ನೀರಿನ ಮೇಲಿದೆಯೇ, ನಾಲೆಯ ದಂಡೆ ಮತ್ತು ಗದ್ದೆಯ ನಡುವೆ ಗಡಿ ಉಳಿದಿದೆಯೇ ಎಂಬುದನ್ನು ನೋಡಬೇಕು. ಬದುಗಳು ಮುಳುಗಿ ನಾಲೆ ಮತ್ತು ಗದ್ದೆ ಒಂದಾಗಿದ್ದರೆ ಎಳೆಯ ಪೈರು ಕೊಳೆತು, ರೈತರು ಎರಡನೆಯ ಬಾರಿ ಬಿತ್ತಬೇಕಾದ ವರ್ಷದ ಚಿತ್ರ ಅದಾಗಿರಬಹುದು.

2019ರ ಪ್ರವಾಹ

2019ರ ಆಗಸ್ಟ್ ಮೊದಲಾರ್ಧದ ಮಳೆಯಲ್ಲಿ ರಾಜ್ಯದಲ್ಲಿಯೇ ಅತಿ ಹೆಚ್ಚು ಹಾನಿಗೊಳಗಾದ ಜಿಲ್ಲೆಗಳಲ್ಲಿ ಬೆಳಗಾವಿ ಮುಂಚೂಣಿಯಲ್ಲಿತ್ತು. ಖಾನಾಪುರದಲ್ಲಿ ಮಲಪ್ರಭೆ ಉಕ್ಕಿತು, ಕೆಳಹರಿವಿನಲ್ಲಿ 37.73 ಟಿ.ಎಂ.ಸಿ. ಸಾಮರ್ಥ್ಯದ ನವಿಲುತೀರ್ಥ ಜಲಾಶಯ ತುಂಬಿ, ಹೊರಬಿಟ್ಟ ನೀರಿನಿಂದ ರಾಮದುರ್ಗ ಭಾಗ ಜಲಾವೃತವಾಯಿತು. ನಗರದಲ್ಲಿ ನಾಲೆಗಳ ನೀರು ತಗ್ಗು ಬಡಾವಣೆಗಳಿಗೆ ನುಗ್ಗಿತು. ಶಹಾಪುರ ಮತ್ತು ವಡಗಾವಿಯ ನೇಕಾರರ ಮನೆಗಳಲ್ಲಿ ವಾಸದ ಕೋಣೆ ಮತ್ತು ಮಗ್ಗದ ಕೋಣೆ ಒಂದೇ ಸೂರಿನಡಿ ಇರುವುದರಿಂದ ನಷ್ಟ ಇಮ್ಮಡಿಯಾಯಿತು. ನೆಲದ ಕುಣಿಯಲ್ಲಿ ಕಾಲಿಟ್ಟು ನೇಯುವ ಮಗ್ಗವಾದರೆ ಮೊದಲು ನೀರು ತುಂಬುವುದು ಆ ಕುಣಿಗೆ. ವಿದ್ಯುತ್ ಮಗ್ಗವಾದರೆ ಹಾಳಾಗುವುದು ಮೋಟಾರು, ಹಾಸಿನ ನೂಲು ಮತ್ತು ಅರ್ಧ ನೇಯ್ದ ಸೀರೆ. ಇಂತಹ ಒಳಾಂಗಣ ಚಿತ್ರಗಳು ಸೇತುವೆಯ ಚಿತ್ರಗಳಷ್ಟು ಗಮನ ಸೆಳೆಯುವುದಿಲ್ಲ. ಆದರೂ ನಗರ ಪ್ರವಾಹದ ಇತಿಹಾಸಕ್ಕೆ ಇವೇ ಹೆಚ್ಚು ಬೆಲೆಯುಳ್ಳವು.

2021ರ ಜುಲೈನಲ್ಲಿ ಖಾನಾಪುರ ಭಾಗದಲ್ಲಿ ಮತ್ತೆ ಪ್ರವಾಹ ಉಂಟಾಯಿತು. ಎರಡೂ ವರ್ಷಗಳ ಚಿತ್ರಗಳು ಮೊಬೈಲ್‌ಗಳಲ್ಲಿ ಬೆರೆತು ಹರಿದಾಡಿದ ಕಾರಣ ದಿನಾಂಕ ನಿರ್ಧಾರವು ಹಳೆಯ ಚಿತ್ರಗಳಿಗೆ ಮಾತ್ರ ಸೀಮಿತವಾದ ಸಮಸ್ಯೆಯಾಗಿ ಉಳಿದಿಲ್ಲ. ಮೂಲ ಕಡತದಲ್ಲಿ ಸಮಯ, ಮತ್ತು ಸೌಲಭ್ಯ ಚಾಲೂ ಇದ್ದರೆ ಸ್ಥಳವೂ, ದಾಖಲಾಗಿರುತ್ತದೆ. ವಾಟ್ಸ್ಆ್ಯಪ್ ಮೂಲಕ ಚಿತ್ರವಾಗಿ ಕಳುಹಿಸಿದಾಗ ಆ ಮಾಹಿತಿ ಅಳಿದುಹೋಗುತ್ತದೆ.

ನೀರಿನ ಮಟ್ಟದ ಗುರುತುಗಳು

ಸಾಂಗಲಿಯಲ್ಲಿ ಕೃಷ್ಣೆಯ ಮಟ್ಟವನ್ನು 1929ರಲ್ಲಿ ಉದ್ಘಾಟನೆಯಾದ ಐರ್ವಿನ್ ಸೇತುವೆಯ ಬಳಿ ಅಡಿಗಳಲ್ಲಿ ಅಳೆಯಲಾಗುತ್ತದೆ. 2005ರಲ್ಲಿ ಸುಮಾರು 54 ಅಡಿಯಿದ್ದ ನೀರು 2019ರಲ್ಲಿ 57 ಅಡಿ ದಾಟಿತು ಎಂದು ಹೇಳಲು ಸಾಧ್ಯವಾಗಿರುವುದು ಆ ಅಳತೆಯಿಂದ. ನಗರದ ನಾಲೆಗಳಿಗೆ ಸಾಮಾನ್ಯವಾಗಿ ಇಂತಹ ಅಳತೆಗೋಲು ಇರುವುದಿಲ್ಲ. ಅಲ್ಲಿ ಮನೆಯ ಮೆಟ್ಟಿಲು, ಕಿಟಕಿಯ ಕೆಳಅಂಚು ಮತ್ತು ಗೋಡೆಯ ಮೇಲೆ ಉಳಿದ ಕೆಸರಿನ ಗೆರೆಗಳೇ ಅಳತೆಗೋಲುಗಳು. ಖಾನಾಪುರ ತಾಲ್ಲೂಕಿನಲ್ಲಿ ಮಲಪ್ರಭೆಯ ದಡದ ಹಬ್ಬನಹಟ್ಟಿಯ ಆಂಜನೇಯ ದೇವಸ್ಥಾನವು ಬಹುತೇಕ ಪ್ರತಿ ಮಳೆಗಾಲದಲ್ಲಿ ಜಲಾವೃತವಾಗುತ್ತದೆ. ಆದುದರಿಂದ ದೇವಸ್ಥಾನ ಮುಳುಗಿತು ಎಂಬುದಷ್ಟೇ ಅಸಾಧಾರಣ ಪ್ರವಾಹಕ್ಕೆ ಸಾಕ್ಷಿಯಲ್ಲ. ಎಲ್ಲಿಯವರೆಗೆ ಮುಳುಗಿತು ಎಂಬುದು ಮುಖ್ಯ. ಅಸೋಗಾದ ರಾಮಲಿಂಗೇಶ್ವರ ದೇವಸ್ಥಾನದ ಪರಿಸರವೂ ವರ್ಷದಿಂದ ವರ್ಷಕ್ಕೆ ಹೋಲಿಸಲು ಒದಗುತ್ತದೆ.

ಸ್ಥಿರ ಗುರುತುಗಳೂ ಸದಾ ಸ್ಥಿರವಲ್ಲ. ಪ್ಯಾರಿಸ್‌ನಲ್ಲಿ 1910ರ ಜನವರಿಯ ಪ್ರವಾಹದಲ್ಲಿ ಸೇನ್ ನದಿಯು 8.62 ಮೀಟರ್‌ಗೆ ಏರಿ, ಆಲ್ಮಾ ಸೇತುವೆಯ ಸೈನಿಕನ ಪ್ರತಿಮೆಯ ಹೆಗಲು ಮುಟ್ಟಿತು. ಜನರು ಇಂದಿಗೂ ಆ ಪ್ರತಿಮೆಯಿಂದ ನೀರನ್ನು ಅಳೆಯುತ್ತಾರೆ; ಆದರೆ 1970ರ ದಶಕದಲ್ಲಿ ಸೇತುವೆಯನ್ನು ಹೊಸದಾಗಿ ಕಟ್ಟಿದಾಗ ಪ್ರತಿಮೆಯ ಸ್ಥಾನ ಬದಲಾಯಿತು. ಶಹಾಪುರದಲ್ಲಿ ಇದಕ್ಕೆ ಸಮಾನವಾದುದು ರಸ್ತೆಯ ಎತ್ತರ. ಡಾಂಬರು, ಕಾಂಕ್ರೀಟು ಹಾಕುತ್ತ ಹೋದಂತೆ ರಸ್ತೆ ಏರಿ, ಹಳೆಯ ಮನೆಯ ಹೊಸ್ತಿಲು ತಗ್ಗಿಗೆ ಬೀಳುತ್ತದೆ. ರಸ್ತೆಯಿಂದ ಅಳೆದರೆ ಮೊಣಕಾಲುದ್ದದ ನೀರು, ಒಳಗಿನಿಂದ ಅಳೆದರೆ ಸೊಂಟದುದ್ದ.

ಸಾಕ್ಷ್ಯವಾಗಿ ಬಳಕೆ

ಬಳ್ಳಾರಿ ನಾಲೆಯಲ್ಲಿ ಹೂಳು ಮತ್ತು ಜಲಕಳೆ ತುಂಬಿರುವುದು, ದಂಡೆಗಳು ಒತ್ತುವರಿಯಾಗಿರುವುದು ರೈತರ ದೀರ್ಘಕಾಲದ ದೂರು. ಇಂತಹ ವಿವಾದದಲ್ಲಿ ನೆರೆಯ ಚಿತ್ರಕ್ಕಿಂತ ಬೇಸಿಗೆಯ ಚಿತ್ರ ಹೆಚ್ಚು ಉಪಯುಕ್ತವಾಗಬಹುದು, ಏಕೆಂದರೆ ನಾಲೆಯ ಪಾತ್ರ ಮತ್ತು ದಂಡೆ ಅದರಲ್ಲಿ ಸ್ಪಷ್ಟವಾಗಿರುತ್ತವೆ. ಕುಟುಂಬದ ಮದುವೆ ಅಥವಾ ಸುಗ್ಗಿಯ ಚಿತ್ರವೊಂದರ ಹಿನ್ನೆಲೆಯಲ್ಲಿ ಕಾಣುವ ನಾಲೆಯೂ ಅದರ ಹಿಂದಿನ ಅಗಲವನ್ನು ತೋರಿಸಬಲ್ಲದು. ನ್ಯಾಯಾಲಯಕ್ಕೆ ಡಿಜಿಟಲ್ ಚಿತ್ರದ ಪ್ರತಿಯನ್ನು ಸಲ್ಲಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63ರಡಿ ಪ್ರಮಾಣಪತ್ರ ಬೇಕಾಗುತ್ತದೆ; 2024ರ ಜುಲೈ 1ಕ್ಕಿಂತ ಮೊದಲು ಹಳೆಯ ಕಾಯಿದೆಯ ಕಲಂ 65ಬಿ ಇದಕ್ಕೆ ಅನ್ವಯವಾಗುತ್ತಿತ್ತು.

ಉಪಗ್ರಹದ ರೇಡಾರ್ ಚಿತ್ರಗಳು ಮೋಡದ ಮೂಲಕವೂ ನೀರನ್ನು ಗುರುತಿಸುತ್ತವೆ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಅವುಗಳಿಂದ ಪ್ರವಾಹ ನಕ್ಷೆಗಳನ್ನು ಸಿದ್ಧಪಡಿಸುತ್ತದೆ. ಬಯಲಿನ ಹೊಲಗಳಿಗೆ ಈ ವಿಧಾನ ಚೆನ್ನಾಗಿ ಒದಗುತ್ತದೆ. ಕಟ್ಟಡಗಳು ಒತ್ತಾಗಿರುವ ಕಡೆ ಗೋಡೆಗಳಿಂದ ತರಂಗಗಳು ಪುಟಿಯುವುದರಿಂದ ಗಲ್ಲಿಯ ನೀರು ಸರಿಯಾಗಿ ಗೋಚರಿಸುವುದಿಲ್ಲ. ಅಲ್ಲಿ ಮಹಡಿಯಿಂದ ತೆಗೆದ ಮೊಬೈಲ್ ಚಿತ್ರಕ್ಕೆ ಸಾಟಿಯಿಲ್ಲ.

ಹಕ್ಕುಸ್ವಾಮ್ಯ

ಭಾರತದ ಹಕ್ಕುಸ್ವಾಮ್ಯ ಕಾಯಿದೆ, 1957ರ ಪ್ರಕಾರ ಛಾಯಾಚಿತ್ರದ ಹಕ್ಕು ಛಾಯಾಗ್ರಾಹಕರ ಜೀವಿತಾವಧಿಯಲ್ಲಿ ಮತ್ತು ಅವರು ನಿಧನರಾದ ಮುಂದಿನ ವರ್ಷದ ಆರಂಭದಿಂದ 60 ವರ್ಷಗಳವರೆಗೆ ಇರುತ್ತದೆ. ಮನೆಯ ಸಂಗ್ರಹದ ಚಿತ್ರವನ್ನು ಸಾರ್ವಜನಿಕ ಬಳಕೆಗೆ ಒದಗಿಸುವಾಗ ಅದರ ಹಿಂಬದಿಯನ್ನೂ ಸ್ಕ್ಯಾನ್ ಮಾಡುವುದು ರೂಢಿ. ಸ್ಟುಡಿಯೋದ ಮುದ್ರೆ, ಪೆನ್ಸಿಲಿನಲ್ಲಿ ಬರೆದ ತಾರೀಖು, ಗಲ್ಲಿಯ ಹೆಸರು ಇರುವುದು ಅನೇಕ ಬಾರಿ ಅಲ್ಲಿಯೇ.