ಫೆಬ್ರುವರಿಯಲ್ಲಿ ತೋಟ ಕೊಳ್ಳಬೇಡಿ

ನಂದಿಬೆಟ್ಟದ ತಪ್ಪಲಿಗೆ ದ್ರಾಕ್ಷಿ ತೋಟ ನೋಡಲು ಹೋಗುವವರೆಲ್ಲ ಹೋಗುವುದು ಫೆಬ್ರುವರಿಯಲ್ಲೇ. ಚಪ್ಪರದ ತುಂಬ ಗೊಂಚಲು, ಹಿತವಾದ ಚಳಿ, ಎದುರಿಗೆ ಮಂಜು ಹೊದ್ದ ಬೆಟ್ಟ. ತೋಟದ ಮೂಲೆಯಲ್ಲಿ ಹೆಂಚಿನ ಮನೆ, ಅದಕ್ಕೊಂದು ಜಗುಲಿ. ಇಪ್ಪತ್ತು ವರ್ಷ ಬೆಂಗಳೂರಿನ ಐಟಿ ಕಂಪನಿಗಳಲ್ಲಿ ದುಡಿದ ನನ್ನ ಗೆಳೆಯ ದಂಪತಿ ದೊಡ್ಡಬಳ್ಳಾಪುರದ ಕಡೆ ಇಂಥದೇ ನಾಲ್ಕೆಕರೆ ನೋಡಿ ಬಂದರು. ಅರ್ಧ ತೋಟ ಚಪ್ಪರದ ಮೇಲೆ ಬೆಂಗಳೂರು ಬ್ಲೂ, ಉಳಿದರ್ಧ ಬೇಲಿಯಂತೆ ಎಳೆದ ತಂತಿಯ ಮೇಲೆ ವೈನಿಗಾಗಿ ಬೆಳೆಸಿದ ಶಿರಾಜ್. ಮನೆಯ ಪಕ್ಕಕ್ಕೆ ಆರು ಕೋಣೆ ಕಟ್ಟಿ ವಾರಾಂತ್ಯದ ಅತಿಥಿಗಳಿಗೆ ಕೊಡುವ ನಕ್ಷೆ ಅಂದು ರಾತ್ರಿಯೇ ತಯಾರಾಯಿತು. ಮುಂಗಡ ಕೊಡುವುದೊಂದೇ ಬಾಕಿ. ನಾನು ಬೇಡಿಕೊಂಡದ್ದು ಇಷ್ಟೇ: ಅಕ್ಟೋಬರ್‌ವರೆಗೆ ತಡೆಯಿರಿ, ಚಾಟ್ನಿಯ ದಿನ ಇನ್ನೊಮ್ಮೆ ಹೋಗೋಣ.

ಚಾಟ್ನಿ ಎನ್ನುವುದು ವಿಜಯಪುರದ ಕಡೆಯ ಮಾತು, ಬಳ್ಳಿ ಸವರುವುದು ಎಂದರ್ಥ. ಇಲ್ಲಿಯವರು ಪ್ರೂನಿಂಗ್ ಎಂದೇ ಹೇಳುತ್ತಾರೆ. ನಾವು ಹೋದಾಗ ಶಿರಾಜ್ ಸಾಲುಗಳ ಹಸಿರೆಲ್ಲ ನೆಲಕ್ಕೆ ಬಿದ್ದಿತ್ತು. ಮೇಲೆ ಉಳಿದದ್ದು ಕಲ್ಲುಕಂಬ, ತಂತಿ, ಬೋಳು ಕಡ್ಡಿ. ಕತ್ತರಿಸಿದ ತುದಿಯಲ್ಲಿ ನೀರು ಒಸರಿ, ಹನಿಯಾಗಿ ತುಂಬಿ, ತೊಟ್ಟಿಕ್ಕುತ್ತಿತ್ತು. ಗೆಳತಿ ಗಾಬರಿಯಿಂದ ಬೆರಳಿಟ್ಟು ನೋಡಿದಳು. ‘ಅಳ್ಲಿ ಬಿಡಮ್ಮ, ಬೇರು ಎಚ್ಚರ ಐತೆ ಅಂತ’ ಎಂದರು ಪಕ್ಕದ ಸಾಲಿನಲ್ಲಿ ಕತ್ತರಿ ಹಿಡಿದಿದ್ದ ಅಜ್ಜಿ. ಅವರ ಹಿಂದೆ ಕೈಗವಸು ತೊಟ್ಟ ಇಬ್ಬರು ಬಣ್ಣ ಬೆರೆಸಿದ ಔಷಧಿಯಲ್ಲಿ ಬಟ್ಟೆ ಅದ್ದಿ, ಕಡ್ಡಿಯ ಒಂದೊಂದೇ ಕಣ್ಣಿಗೆ ಒತ್ತುತ್ತಿದ್ದರು. ಯುರೋಪಿನ ಬಳ್ಳಿ ಚಳಿಗಾಲವಿಡೀ ಮಲಗಿ ವಸಂತದಲ್ಲಿ ತಾನೇ ಏಳುತ್ತದೆ. ನಮ್ಮ ಬೆಚ್ಚನೆಯ ಸೀಮೆಯಲ್ಲಿ ಆ ನಿದ್ದೆ ಇಲ್ಲ. ಕಣ್ಣುಗಳೆಲ್ಲ ಒಟ್ಟಿಗೆ ಒಡೆಯಬೇಕೆಂದರೆ ಕತ್ತರಿ ಆಡಿಸಿ ಹೈಡ್ರೋಜನ್ ಸಯನಮೈಡ್ ಹಚ್ಚಬೇಕು. ಅದು ವಿಷ. ಅದನ್ನು ಹಚ್ಚಿದವರು ಮುಂದಿನ ಕೆಲವು ದಿನ ಮದ್ಯ ಮುಟ್ಟಿದರೆ ಪ್ರಾಣಕ್ಕೇ ಸಂಚಕಾರ. ವೈನ್ ತೋಟದ ಚಂದದ ಚಿತ್ರಗಳಲ್ಲಿ ಈ ಕೈಗಳು ಎಂದೂ ಕಾಣುವುದಿಲ್ಲ. ತೋಟ ಕೊಳ್ಳುವಾಗ ಮಣ್ಣಿನ ಪರೀಕ್ಷೆಗಿಂತ ಮೊದಲು ನಾನು ಕೇಳುವುದು, ಈ ಕೈಗಳು ಮುಂದೆಯೂ ಬರುತ್ತವೆಯೇ ಎಂದು.

ಚಿಗುರೊಡೆದ ಮೇಲೆ ಹಿಂಗಾರಿನ ಕಾಟ. ರಾತ್ರಿ ಜಡಿಮಳೆ ಬಿದ್ದರೆ ಎಲೆಯ ಮೇಲೆ ಎಣ್ಣೆ ಜಿಡ್ಡಿನಂಥ ಹಳದಿ ಮಚ್ಚೆ ಮೂಡುತ್ತದೆ, ಮಗುಚಿದರೆ ಅಡಿಯಲ್ಲಿ ಬಿಳಿ ಹತ್ತಿಯಂಥ ಬೂಜು. ಈ ಡೌನಿ ರೋಗ ಬಂತೆಂದರೆ ಬೆಳಗಾಗುತ್ತಲೇ ಸಿಂಪಡಣೆ ಆಗಬೇಕು, ಅಂದು ಭಾನುವಾರವಾಗಿದ್ದರೂ ಸರಿ. ಜಗುಲಿಯಲ್ಲಿ ಅತಿಥಿಗಳ ಮಕ್ಕಳು ಆಡುತ್ತಿರುತ್ತಾರೆ! ಕೋಣೆಗಳು ಸಾಲಿನಿಂದ ಎಷ್ಟು ದೂರ, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂಬುದನ್ನು ಗೆಳೆಯನ ನಕ್ಷೆ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಈ ಸೀಮೆಗೆ ವೈನಿನ ಹೆಸರು ತಂದವರು ಕನ್ವಲ್ ಗ್ರೋವರ್. ಅವರು ಇಲ್ಲಿ ಫ್ರಾನ್ಸಿನ ತಳಿಗಳ ತೋಟ ಮಾಡಿದ್ದು 1988ರಲ್ಲಿ. ರಾಜ್ಯದ ವೈನ್ ನೀತಿ ಬಂದದ್ದು 2007ರಲ್ಲಿ. ಅದಕ್ಕೂ ಬಹಳ ಹಿಂದಿನಿಂದ ಈ ಊರುಗಳ ಅನ್ನ ನಡೆಸಿದ್ದು ಬೆಂಗಳೂರು ಬ್ಲೂ. ದಪ್ಪ ಸಿಪ್ಪೆ, ಗಾಢ ವಾಸನೆ, ವರ್ಷಕ್ಕೆ ಎರಡು ಬೆಳೆ. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಿ ಮಾನ್ಯತೆಯೂ ಸಿಕ್ಕಿತು. ಹೊಸದಾಗಿ ಕೊಂಡವರು ‘ಲೋಕಲ್ ಹಣ್ಣು’ ಎಂದು ಮೊದಲು ಕಿತ್ತುಹಾಕುವುದು ಅದನ್ನೇ. ಕೀಳಬೇಡಿ. ಹೊಸ ಬಳ್ಳಿ ನೆಟ್ಟರೆ ಒಳ್ಳೆಯ ಬೆಳೆಗೆ ಎರಡು-ಮೂರು ವರ್ಷ ಕಾಯಬೇಕು. ಅಷ್ಟೂ ದಿನ ಕೂಲಿ ಕೊಡುವುದು ಈ ಬ್ಲೂ.

ಕಾಗದದ ವಿಚಾರ. 2020ರ ತಿದ್ದುಪಡಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದ ಮೇಲೆ ರೈತ ಕುಟುಂಬದವರಲ್ಲದವರೂ ಜಮೀನು ಕೊಳ್ಳಬಹುದು. ಆದರೆ ಅಮೆರಿಕದಲ್ಲೋ ದುಬೈನಲ್ಲೋ ನೆಲೆಸಿರುವ ನಮ್ಮವರಿಗೆ ಆ ಬಾಗಿಲು ತೆರೆದಿಲ್ಲ. ವಿದೇಶಿ ವಿನಿಮಯದ ಕಾನೂನು ಅನಿವಾಸಿಗಳಿಗೆ ಕೃಷಿಭೂಮಿ, ತೋಟದ ಮನೆ ಕೊಳ್ಳಲು ಬಿಡುವುದಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಪಹಣಿ, ಋಣಭಾರ ಪತ್ರ, ಪೋಡಿ ಎಲ್ಲರೂ ನೋಡುತ್ತಾರೆ. ನೋಡದೆ ಬಿಡುವುದು ಮೂಲ ಮಂಜೂರಾತಿಯನ್ನು. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನನ್ನು ಅನುಮತಿಯಿಲ್ಲದೆ ಕೊಂಡರೆ 1978ರ ಕಾಯ್ದೆಯಡಿ ಆ ಕ್ರಯ ನಿಲ್ಲುವುದಿಲ್ಲ. ಜಮೀನು ಮರಳಿ ಕೇಳಲು ಕಾಲಮಿತಿಯಿಲ್ಲ ಎಂದೂ 2023ರ ತಿದ್ದುಪಡಿ ಹೇಳುತ್ತದೆ. ಅದು ನ್ಯಾಯವೇ. ಆ ಮಣ್ಣು ಯಾರ ಬದುಕಿಗೆಂದು ಕೊಟ್ಟದ್ದೋ ಅವರದೇ ಆಗಿರಬೇಕು. ಇನ್ನು, ದುಡ್ಡು ಪಡೆದು ಅತಿಥಿಗಳನ್ನು ಇಳಿಸುವ ಕಟ್ಟಡಕ್ಕೆ ಭೂಪರಿವರ್ತನೆ ಬೇಕು. ಊಟದ ಜೊತೆ ಒಂದು ಲೋಟ ವೈನ್ ಮಾರಬೇಕೆಂದರೆ ಅಬಕಾರಿ ಲೈಸೆನ್ಸ್ ಬೇಕು.

ತೋಟದಲ್ಲಿ ತಂಗುವ ಪದ್ಧತಿಗೆ ಹೆಸರಾದ ಇಟಲಿಯಲ್ಲಿ 1985ರಷ್ಟು ಹಿಂದೆಯೇ ಇದಕ್ಕೊಂದು ಕಾನೂನು ಬಂತು. ಅಲ್ಲಿ ಕೃಷಿಯೇ ಮುಖ್ಯ ಕಸುಬು, ಅತಿಥಿಸತ್ಕಾರ ಅದಕ್ಕೆ ಆಸರೆ. ಆ ಕಟ್ಟು ನಮ್ಮಲ್ಲೂ ಬರಬೇಕೆಂಬುದು ನನ್ನ ಆಸೆ.

ಏಪ್ರಿಲ್‌ನಲ್ಲಿ ಮತ್ತೆ ಹೋದೆವು. ವರ್ಷದ ಇನ್ನೊಂದು ಚಾಟ್ನಿ ಆಗಲೇ. ಮುಂದಿನ ಬೆಳೆಯ ಗೊಂಚಲು ಕಣ್ಣಿನೊಳಗೆ ರೂಪಗೊಳ್ಳುವುದು ಈ ಚಾಟ್ನಿಯ ಚಿಗುರಿನಲ್ಲಿ, ಬಿರುಬಿಸಿಲಲ್ಲಿ ಅದು ಬೆಳೆಯಲು ನೀರು ಬೇಕೇ ಬೇಕು. ಶಾಲೆಗಳಿಗೆ ರಜೆ ಬಂದು ಅತಿಥಿಗಳು ತುಂಬುವುದೂ ಆಗಲೇ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಬೆಂಗಳೂರಿನ ಕೊಳಚೆನೀರನ್ನು ಶುದ್ಧಮಾಡಿ ಎಚ್‌ಎನ್ ವ್ಯಾಲಿ ಯೋಜನೆಯಲ್ಲಿ ಇಲ್ಲಿಯ ಕೆರೆಗಳಿಗೆ ತುಂಬಿಸುವಷ್ಟು ಬರ ಇದು. ತೋಟದ ಜೀವವೆಲ್ಲ ಬೋರ್‌ವೆಲ್ಲಿನಲ್ಲಿ.

ಗೆಳೆಯ ಮೋಟರ್ ಹಾಕಿಸಿ ಗಡಿಯಾರ ಹಿಡಿದು ಕೂತ. ಮೂರೂವರೆ ಇಂಚಿನ ಧಾರೆ ಎಂದು ಫೆಬ್ರುವರಿಯಲ್ಲಿ ಹೇಳಿದ್ದರು. ನಲವತ್ತು ನಿಮಿಷಕ್ಕೆ ಪೈಪು ಕೆಮ್ಮಿತು, ಗಾಳಿ ಉಗುಳಿತು, ನಿಂತಿತು. ಎರಡು ತಾಸು ಬಿಟ್ಟು ಮತ್ತೆ ಬರುತ್ತದೆ ಎಂದರು ಮಾಲೀಕರು, ಮುಚ್ಚುಮರೆಯಿಲ್ಲದೆ. ಚಪ್ಪರದ ಕೆಳಗೆ ಕೂತು ಕಾದೆವು. ಮನೆಯೊಡತಿ ಮಜ್ಜಿಗೆ ತಂದುಕೊಟ್ಟು, ‘ಇನ್ನೂ ತಗೊಳ್ಳೋ ಮನಸೈತಾ?’ ಎಂದು ಕೇಳಿದರು. ಗೆಳತಿ ಬ್ಯಾಗಿನಿಂದ ನಕ್ಷೆ ತೆಗೆದು, ಆರು ಕೋಣೆಗಳಲ್ಲಿ ನಾಲ್ಕನ್ನು ಪೆನ್ನಿನಿಂದ ಹೊಡೆದುಹಾಕಿ, ‘ಐತೆ’ ಅಂದಳು.